ಗುರುದತ್‌ಗೆ ನಿದ್ದೆ ಬರುತ್ತಿರಲಿಲ್ಲ

ಹಿಂದಿ ಚಿತ್ರರಂಗದ ಗುರುದತ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ನನ್ನ ಗೆಳೆಯರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ‘ಪ್ಯಾಸಾ’ ಎಂಬ ಹೆಸರು ಕೇಳಿದ್ದಾರೆ, ರೀಲ್ಸ್‌ನಲ್ಲಿ ಆ ಕಪ್ಪು ಬಿಳುಪಿನ ಮುಖ ನೋಡಿದ್ದಾರೆ, ಪ್ರೀತಿಯಲ್ಲಿ ಸೋತು ಸತ್ತ ನಿರ್ದೇಶಕ ಎಂದಷ್ಟೇ ತಿಳಿದಿದ್ದಾರೆ. ನಾನು ಡಿ.ಫಾರ್ಮಾ ಮುಗಿಸಿ ಬ್ಯಾಡರಹಳ್ಳಿಯ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಕೆಲಸ ಮಾಡುತ್ತಾ, ಸರ್ಕಾರಿ ಫಾರ್ಮಸಿಸ್ಟ್ ಹುದ್ದೆಯ ಪರೀಕ್ಷೆಗೆ ಓದುತ್ತಿರುವವನು. ಸಿನಿಮಾ ವಿಮರ್ಶೆ ನನ್ನ ಕೈಲಾಗುವ ಕೆಲಸವಲ್ಲ. ಆದರೆ ಅವರ ಬದುಕಿನ ಬಗ್ಗೆ ಓದುತ್ತಾ ಹೋದಂತೆ ಪ್ರೀತಿ, ಸೋಲು, ಕಲೆ ಇವುಗಳಿಗಿಂತ ಹೆಚ್ಚಾಗಿ ನನ್ನ ಕಣ್ಣಿಗೆ ಬಿದ್ದದ್ದು ಮೂರು ಸಂಗತಿ: ಬಾರದ ನಿದ್ದೆ, ಬಿಡದ ಕುಡಿತ, ಮಾತ್ರೆ. ಕೌಂಟರಿನ ಈಚೆ ನಿಂತವನ ಕಣ್ಣಿನಿಂದ ಅದನ್ನೇ ಬರೆಯುತ್ತೇನೆ.

ಕೊಂಕಣಿ ಮಾತಾಡುವ ಚಿತ್ರಾಪುರ ಸಾರಸ್ವತರ ಮನೆ. ತಂದೆ ಶಿವಶಂಕರ ರಾವ್ ಪಡುಕೋಣೆ ಮೊದಲು ಹೆಡ್‌ಮಾಸ್ಟರ್ ಆಗಿದ್ದವರು, ಆಮೇಲೆ ಬ್ಯಾಂಕ್ ನೌಕರಿಗೆ ಸೇರಿದರು. ತಾಯಿ ವಾಸಂತಿಗೆ ಚೊಚ್ಚಲ ಮಗ ಹುಟ್ಟಿದಾಗ ಕೇವಲ ಹದಿನಾರು ವರ್ಷ. ಆಕೆ ಮುಂದೆ ಟೀಚರ್ ಆದರು, ಕತೆ ಬರೆದರು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಮಗುವಿಗೆ ಇಟ್ಟ ಹೆಸರು ವಸಂತಕುಮಾರ್. ಚಿಕ್ಕಂದಿನಲ್ಲಿ ಒಂದು ಅಪಘಾತವಾದ ಮೇಲೆ ಒಳ್ಳೆಯದಾಗಲಿ ಎಂದು ಗುರುದತ್ತ ಎಂದು ಬದಲಾಯಿಸಿದರು. ಮನೆಯಲ್ಲಿ ದುಡ್ಡಿನ ತಾಪತ್ರಯ, ಅಪ್ಪ ಅಮ್ಮನ ನಡುವೆ ಅಷ್ಟಕ್ಕಷ್ಟೆ. ಏಳು ತಿಂಗಳ ಒಬ್ಬ ತಮ್ಮ ತೀರಿಕೊಂಡ. ಕುಟುಂಬ ಕಲ್ಕತ್ತೆಯ ಭವಾನಿಪುರಕ್ಕೆ ಹೋಯಿತು. ಅಲ್ಲಿ ಸಂಜೆ ಅಜ್ಜಿ ದೀಪ ಹಚ್ಚಿದಾಗ ಹುಡುಗ ಬೆರಳುಗಳನ್ನು ಬೆಳಕಿಗೆ ಅಡ್ಡ ಹಿಡಿದು ಗೋಡೆಯ ಮೇಲೆ ನೆರಳಿನ ಆಟ ಆಡುತ್ತಿದ್ದನಂತೆ. ಮುಂದೆ ಅವರ ಸಿನಿಮಾಗಳಲ್ಲಿ ಮುಖದ ಅರ್ಧ ಬೆಳಕು, ಅರ್ಧ ಕತ್ತಲು ಇರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾಲೇಜಿಗೆ ಕಳಿಸುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಕಲ್ಕತ್ತೆಯ ಲಿವರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕೆಲವು ಕಾಲ ಟೆಲಿಫೋನ್ ಆಪರೇಟರ್. ಅಲ್ಮೋರಾದಲ್ಲಿ ಉದಯಶಂಕರ್ ನಡೆಸುತ್ತಿದ್ದ ನೃತ್ಯ ಕೇಂದ್ರದಲ್ಲಿ ತರಬೇತಿ. 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷದ ಕರಾರು. ಅಲ್ಲಿ ಪರಿಚಯವಾದವರು ದೇವ್ ಆನಂದ್. ಇಬ್ಬರ ಬಟ್ಟೆಯನ್ನೂ ಒಬ್ಬನೇ ಒಗೆಯುತ್ತಿದ್ದ, ಒಂದು ದಿನ ಶರ್ಟು ಅದಲು ಬದಲಾಯಿತು, ಅದರಿಂದಲೇ ಸ್ನೇಹ ಶುರುವಾಯಿತು ಎಂಬುದು ಎಲ್ಲರಿಗೂ ಗೊತ್ತಿರುವ ಕತೆ. ತಾನು ನಿರ್ಮಾಪಕನಾದರೆ ನಿನ್ನನ್ನು ನಿರ್ದೇಶಕನನ್ನಾಗಿ ಮಾಡುತ್ತೇನೆ ಎಂದು ದೇವ್ ಆನಂದ್ ಕೊಟ್ಟ ಮಾತು ಮುಂದೆ ನಿಜವೂ ಆಯಿತು.

ಅದಕ್ಕೂ ಮೊದಲು, ಪ್ರಭಾತ್‌ನ ಕರಾರು ಮುಗಿದ ಮೇಲೆ, ಸುಮಾರು ಹತ್ತು ತಿಂಗಳು ಕೆಲಸವಿಲ್ಲದೆ ಮುಂಬೈನ ಮಾಟುಂಗಾದ ಮನೆಯಲ್ಲಿ ಕೂತದ್ದುಂಟು. ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಈ ಹತ್ತು ತಿಂಗಳು ಅವರ ಇಡೀ ಬದುಕಿನಲ್ಲಿ ಅತ್ಯಂತ ಹತ್ತಿರದ ಭಾಗ. ಆಗ ಇಂಗ್ಲಿಷಿನಲ್ಲಿ ಸಣ್ಣ ಕತೆ ಬರೆದು ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಗೆ ಕಳಿಸುತ್ತಿದ್ದರು. ‘ಕಶ್ಮಕಶ್’ ಎಂಬ ಒಂದು ಚಿತ್ರಕತೆಯನ್ನೂ ಬರೆದಿಟ್ಟರು. ಯಾರಿಗೂ ಬೇಡವಾದ ಒಬ್ಬ ಕವಿಯ ಕತೆ. ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಅದೇ ಕತೆ 1957ರಲ್ಲಿ ‘ಪ್ಯಾಸಾ’ ಆಯಿತು. 2005ರಲ್ಲಿ ‘ಟೈಮ್’ ಪತ್ರಿಕೆ ಸಾರ್ವಕಾಲಿಕ ನೂರು ಒಳ್ಳೆಯ ಚಿತ್ರಗಳ ಪಟ್ಟಿ ಮಾಡಿದಾಗ ಅದರಲ್ಲಿ ಇದೂ ಇತ್ತು.

1951ರ ‘ಬಾಜಿ’ಯಿಂದ ಅದೃಷ್ಟ ತಿರುಗಿತು. ದೇವ್ ಆನಂದ್ ಮಾತು ಉಳಿಸಿಕೊಂಡಿದ್ದರು. ಅದರ ಹಾಡಿನ ರೆಕಾರ್ಡಿಂಗ್‌ನಲ್ಲಿ ಗಾಯಕಿ ಗೀತಾ ರಾಯ್ ಸಿಕ್ಕರು, 1953ರಲ್ಲಿ ಮದುವೆಯಾಯಿತು. ಬಸ್ ಕಂಡಕ್ಟರ್ ಆಗಿದ್ದ ಬದ್ರುದ್ದೀನ್ ಎಂಬ ಯುವಕನ ಕುಡುಕನ ನಟನೆ ಮೆಚ್ಚಿ, ಅವರಿಗೆ ವಿಸ್ಕಿಯ ಹೆಸರನ್ನೇ ಇಟ್ಟು ಜಾನಿ ವಾಕರ್ ಮಾಡಿದ್ದೂ ಗುರುದತ್ತೇ. ತಾವು ಕುಡಿಯುವುದೇ ಇಲ್ಲ ಎಂದು ಜಾನಿ ವಾಕರ್ ಹೇಳುತ್ತಿದ್ದರು. ತೂರಾಡುವ ಕುಡುಕನನ್ನು ನೋಡಿ ಥಿಯೇಟರ್ ನಗುತ್ತಿತ್ತು. ನಮ್ಮ ಸಿನಿಮಾಗಳಲ್ಲಿ ಈಗಲೂ ನಗುತ್ತದೆ. ಆದರೆ ನಿಜವಾದ ಕುಡಿತದ ಕಾಯಿಲೆಯವರಲ್ಲಿ ಎಷ್ಟೋ ಜನ ತೂರಾಡುವುದೇ ಇಲ್ಲ. ಬೆಳಗ್ಗೆ ಶೇವ್ ಮಾಡಿ, ಇಸ್ತ್ರಿ ಶರ್ಟು ಹಾಕಿ ಕೆಲಸಕ್ಕೆ ಹೋಗಿರುತ್ತಾರೆ.

‘ಬಾಜಿ’ಯಲ್ಲೇ ಸಿಕ್ಕ ಇನ್ನೊಬ್ಬರು ನಮ್ಮವರು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ. ಕ್ಯಾಮೆರಾ ಸಹಾಯಕರಾಗಿದ್ದ ಅವರು ತೋರಿಸಿದ ಒಂದು ಶಾಟ್ ಗುರುದತ್‌ಗೆ ಹಿಡಿಸಿತು. ಮುಂದಿನ ‘ಜಾಲ್’ನಿಂದ ಅವರೇ ಛಾಯಾಗ್ರಾಹಕ. ‘ಕಾಗಜ್ ಕೇ ಫೂಲ್’ನಲ್ಲಿ ಸ್ಟುಡಿಯೊದ ಮೇಲಿನಿಂದ ಕಂಬದ ಹಾಗೆ ಬೀಳುವ ಆ ಬೆಳಕನ್ನು ಮೂರ್ತಿಯವರು ತಂದದ್ದು ದೊಡ್ಡ ಕನ್ನಡಿಗಳಲ್ಲಿ ಹೊರಗಿನ ಬಿಸಿಲನ್ನು ಹಿಡಿದು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದು 2014ರಲ್ಲಿ ತೀರಿಕೊಂಡರು. ಪಾಲಿಟೆಕ್ನಿಕ್ ಓದುವವರೆಂದರೆ ಮೂಗು ಮುರಿಯುವ ನೆಂಟರಿಗೆ ಹೇಳಲು ಈ ವಿಷಯ ಇರಲಿ ಎಂದು ಬರೆದೆ.

‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ನಿರ್ಮಿಸಿದ ‘ಸಿಐಡಿ’ ಎಲ್ಲವೂ ಓಡಿದವು. ಮೂವತ್ತು ದಾಟುವಷ್ಟರಲ್ಲಿ ಹೆಸರು, ಹಣ, ಮಕ್ಕಳು, ಪಾಲಿ ಹಿಲ್‌ನಲ್ಲಿ ಬಂಗಲೆ ಎಲ್ಲವೂ ಇದ್ದವು. ತೊಂದರೆ ಇದ್ದದ್ದೂ ಆಗಲೇ. ‘ಪ್ಯಾಸಾ’ ಚಿತ್ರೀಕರಣ ನಡೆಯುತ್ತಿದ್ದ ಕಾಲದಲ್ಲೇ ಮೊದಲ ಸಲ ಜೀವ ಕಳೆದುಕೊಳ್ಳಲು ಯತ್ನಿಸಿದರು. ಗಮನಿಸಿ, ‘ಕಾಗಜ್ ಕೇ ಫೂಲ್’ ಸೋಲಿಗಿಂತ ಮೊದಲು ಇದು. ಆ ಚಿತ್ರ 1959ರಲ್ಲಿ ಬಿತ್ತು, ಮನಸ್ಸು ಮುರಿಯಿತು, ಕುಡಿತಕ್ಕೆ ಬಿದ್ದರು, ಸತ್ತರು ಎಂದು ಕತೆ ಹೇಳುವವರು ಈ ತಾರೀಕನ್ನು ಮರೆಯುತ್ತಾರೆ. ಏರುತ್ತಿದ್ದ ಕಾಲದಲ್ಲೇ ಒಳಗೆ ಏನೋ ಕುಸಿಯುತ್ತಿತ್ತು. ಸೋಲಿನಿಂದ ದುಃಖ ಬರುವುದು ಸಹಜ. ಕಾರಣವಿಲ್ಲದೆ ಬರುವ, ಕಾರಣ ಹೋದ ಮೇಲೂ ಹೋಗದ ದುಃಖ ಬೇರೆ ಜಾತಿಯದು. ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಮುದುಡಿಕೊಂಡೇ ಇದ್ದರೆ, ಇಷ್ಟದ ಕೆಲಸವೂ ರುಚಿಸದಿದ್ದರೆ, ನಿದ್ದೆ, ಹಸಿವು, ಗಮನ ಕೆಟ್ಟರೆ, ಬದುಕಿರುವುದೇ ಭಾರ ಅನಿಸಿದರೆ ವೈದ್ಯರು ಅದನ್ನು ಖಿನ್ನತೆ ಎಂದು ಅನುಮಾನಿಸುತ್ತಾರೆ. ಪರೀಕ್ಷೆ ಫೇಲಾದ ಎರಡು ದಿನದ ಬೇಸರಕ್ಕೆ ನಾವು ಡಿಪ್ರೆಶನ್ ಎಂದು ಸ್ಟೇಟಸ್ ಹಾಕುತ್ತೇವೆ. ನಿಜವಾದ ಡಿಪ್ರೆಶನ್ ಇರುವವನಿಗೆ ಸ್ಟೇಟಸ್ ಹಾಕುವುದಿರಲಿ, ಎಷ್ಟೋ ಸಲ ಹಲ್ಲುಜ್ಜಲು ಏಳುವುದೂ ಕಷ್ಟ.

ಅರವತ್ತು ವರ್ಷದ ಹಿಂದೆ ತೀರಿಕೊಂಡವರಿಗೆ ಈಗ ಕಾಯಿಲೆಯ ಹೆಸರು ಅಂಟಿಸುವುದು ಸರಿಯಲ್ಲ, ಅದು ನನ್ನ ಕೆಲಸವೂ ಅಲ್ಲ. ಆದರೆ ಅವರ ಜೊತೆಯಿದ್ದವರು ಹೇಳಿರುವ ಸಂಗತಿಗಳು ಕಣ್ಣ ಮುಂದಿವೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಾತು ಕಡಿಮೆ. ಸಿಗರೇಟು ಕೈ ಬಿಡುತ್ತಿರಲಿಲ್ಲ. ಚಿತ್ರೀಕರಿಸಿದ್ದನ್ನು ತಾವೇ ಕೈಬಿಡುತ್ತಿದ್ದರು. ಗೀತಾ ನಾಯಕಿಯಾಗಬೇಕಿದ್ದ ‘ಗೌರಿ’ ಅರ್ಧಕ್ಕೆ ನಿಂತಿತು, ‘ರಾಝ್’ ಅರ್ಧಕ್ಕೆ ನಿಂತಿತು. ಪಾಲಿ ಹಿಲ್‌ನ ಬಂಗಲೆಯನ್ನು ತಾವೇ ನಿಂತು ಕೆಡವಿಸಿದರು. ‘ಕಾಗಜ್ ಕೇ ಫೂಲ್’ ನಂತರ ನಿರ್ದೇಶಕನೆಂದು ಮತ್ತೆಂದೂ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಇದನ್ನೆಲ್ಲ ಸುತ್ತಲಿನವರು ಕಲಾವಿದನ ಸ್ವಭಾವ ಎಂದರು. ಗುಮಾಸ್ತನೊಬ್ಬ ಹೀಗೆ ಮಾಡಿದ್ದರೆ ಮನೆಯವರು ಗಾಬರಿಬಿದ್ದು ಯಾರಿಗಾದರೂ ತೋರಿಸುತ್ತಿದ್ದರೇನೋ. ದೊಡ್ಡ ಕಲಾವಿದನಾಗಿದ್ದರಿಂದ ಕಾಯಿಲೆಗೆ ಒಳ್ಳೆಯ ಬಟ್ಟೆ ತೊಡಿಸಿದಂತಾಯಿತು. ಇದು ನನಗೆ ಬಹಳ ಬೇಸರ ತರಿಸುವ ವಿಷಯ. ಪ್ರತಿಭೆಗೂ ದುಃಖಕ್ಕೂ ಗಂಟು ಹಾಕಿ, ದುಃಖ ಹೋದರೆ ಪ್ರತಿಭೆಯೂ ಹೋಗುತ್ತದೆ ಎಂದು ನಂಬುವವರು ಈಗಲೂ ಇದ್ದಾರೆ. ಗುರುದತ್ ‘ಆರ್ ಪಾರ್’ನಂಥ ತಮಾಷೆಯ ಚಿತ್ರವನ್ನೂ ಅಷ್ಟೇ ಚೆನ್ನಾಗಿ ಮಾಡಿದವರು ಎಂಬುದು ಅವರಿಗೆ ನೆನಪಾಗುವುದಿಲ್ಲ.

ಈಗ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಇದು ನನಗೆ ಸ್ವಲ್ಪ ಗೊತ್ತಿರುವ ವಿಷಯ.

ಆ ಕಾಲದ ನಿದ್ದೆ ಮಾತ್ರೆಗಳೆಂದರೆ ಹೆಚ್ಚಾಗಿ ಬಾರ್ಬಿಟ್ಯುರೇಟ್‌ಗಳು. 1903ರಲ್ಲಿ ಮೊದಲನೆಯದು ಬಂತು, 1912ರಲ್ಲಿ ಫೀನೋಬಾರ್ಬಿಟಾಲ್ ಬಂತು. ಅಲ್ಲಿಂದ ಅರ್ಧ ಶತಮಾನ ಜಗತ್ತಿನ ಶ್ರೀಮಂತರ ಮಂಚದ ಪಕ್ಕದಲ್ಲೆಲ್ಲ ಇವೇ ಇದ್ದವು. ಹಾಲಿವುಡ್‌ನ ಮರ್ಲಿನ್ ಮನ್ರೋ 1962ರಲ್ಲಿ ತೀರಿಕೊಂಡದ್ದೂ ಇಂಥ ಮಾತ್ರೆಗಳಿಂದಲೇ. ನಮ್ಮ ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ಗಾಡಿಗೆ ಬ್ರೇಕ್ ಇದ್ದಂತೆ, ಓಡುತ್ತಿರುವ ನರಕೋಶಗಳನ್ನು ಅದು ನಿಧಾನ ಮಾಡುತ್ತದೆ. ಬಾರ್ಬಿಟ್ಯುರೇಟ್ ಆ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ಆತಂಕ ಇಳಿಯುತ್ತದೆ, ಕಣ್ಣು ಮುಚ್ಚುತ್ತದೆ. ಮದ್ಯವೂ ಅದೇ ಬ್ರೇಕನ್ನು ಒತ್ತುತ್ತದೆ. ಎರಡೂ ಒಟ್ಟಿಗೆ ಒತ್ತಿದರೆ ನಿಲ್ಲುವುದು ಯೋಚನೆ ಮಾತ್ರವಲ್ಲ. ಮೆದುಳಿನ ಬುಡದಲ್ಲಿ ಉಸಿರಾಟ ನೋಡಿಕೊಳ್ಳುವ ಕೇಂದ್ರವೂ ನಿಧಾನವಾಗುತ್ತದೆ. ನಿದ್ದೆಯಲ್ಲಿರುವವನಿಗೆ ಇದು ಗೊತ್ತೇ ಆಗುವುದಿಲ್ಲ.

ಇದಕ್ಕಿಂತ ಮೋಸದ್ದು ಇನ್ನೊಂದು ಇದೆ. ಕೆಲವು ವಾರ ತೆಗೆದುಕೊಂಡರೆ ದೇಹ ಈ ಮಾತ್ರೆಗೆ ಒಗ್ಗಿಕೊಳ್ಳುತ್ತದೆ. ನಿನ್ನೆ ಸಾಕಾಗಿದ್ದದ್ದು ಇವತ್ತು ಸಾಲುವುದಿಲ್ಲ, ಹಾಗಾಗಿ ಪ್ರಮಾಣ ಏರುತ್ತದೆ. ಆದರೆ ನಿದ್ದೆಗೆ ಒಗ್ಗಿಕೊಂಡಷ್ಟು ಬೇಗ ಉಸಿರಾಟದ ಕೇಂದ್ರ ಒಗ್ಗಿಕೊಳ್ಳುವುದಿಲ್ಲ. ನಿದ್ದೆ ತರುವ ಪ್ರಮಾಣಕ್ಕೂ ಜೀವ ತೆಗೆಯುವ ಪ್ರಮಾಣಕ್ಕೂ ನಡುವೆ ಇರುವ ಜಾಗ ದಿನದಿಂದ ದಿನಕ್ಕೆ ಕಿರಿದಾಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಬಿಟ್ಟರೆ ನಡುಕ, ಭಯ, ಫಿಟ್ಸ್ ಕೂಡ ಬರಬಹುದು. ಕುಡಿದು ಮಲಗುವವರ ಕತೆಯೂ ಹತ್ತಿರ ಹತ್ತಿರ ಹೀಗೆಯೇ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ನಿಜ. ನಡುರಾತ್ರಿ ಅದರ ಪ್ರಭಾವ ಇಳಿದಾಗ ಎಚ್ಚರವಾಗುತ್ತದೆ, ಬೆಳಗಿನ ಜಾವದವರೆಗೆ ಹೊರಳಾಟ. ಮರುದಿನ ಮನಸ್ಸು ಇನ್ನಷ್ಟು ಕುಗ್ಗಿರುತ್ತದೆ. ಕುಗ್ಗಿದ ಮನಸ್ಸಿಗೆ ಸಂಜೆ ಮತ್ತೆ ಅದೇ ಬೇಕು. ಖಿನ್ನತೆಯಿಂದ ನಿದ್ದೆ ಕೆಟ್ಟಿತೋ, ನಿದ್ದೆಗೆಂದು ಕುಡಿದದ್ದರಿಂದ ಖಿನ್ನತೆ ಬೆಳೆಯಿತೋ ಎಂದು ಕೇಳಿದರೆ ಉತ್ತರ ಎರಡೂ ಹೌದು. ಹಗ್ಗದ ಎರಡು ಎಳೆಯಂತೆ ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಅದಕ್ಕೇ ಈಗಿನ ವೈದ್ಯರು ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಡುತ್ತಾರೆ. ಗುರುದತ್ ಸುತ್ತ ಇದ್ದವರು ದುಃಖವನ್ನು ಕಂಡರು, ಕುಡಿತವನ್ನು ಕಂಡರು, ಮಾತ್ರೆಯನ್ನೂ ಕಂಡರು. ಮೂರೂ ಸೇರಿ ಒಂದೇ ಕಾಯಿಲೆ ಎಂದು ಕಾಣಲಿಲ್ಲ.

ಅವರ ತಪ್ಪೆಂದು ಹೇಳುವುದೂ ಕಷ್ಟ. ಆಗ ಖಿನ್ನತೆಗೆ ಔಷಧಿ ಇದೆ ಎಂಬುದೇ ಹೊಸ ಸುದ್ದಿ. ಸ್ಕಿಜೋಫ್ರೀನಿಯಾಕ್ಕೆ ಕ್ಲೋರ್‌ಪ್ರೊಮಝೀನ್ ಬಂದದ್ದು 1952ರಲ್ಲಿ. ಇಮಿಪ್ರಮಿನ್ ಎಂಬ ಮಾತ್ರೆ ಖಿನ್ನತೆಗೆ ಕೆಲಸ ಮಾಡುತ್ತದೆ ಎಂದು ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಪ್ರಕಟಿಸಿದ್ದು 1957ರಲ್ಲಿ, ಅಂದರೆ ‘ಪ್ಯಾಸಾ’ ಬಿಡುಗಡೆಯಾದ ವರ್ಷವೇ. ಇನ್ನೂ ಒಂದು ಸಂಗತಿ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಇಡೀ ದೇಶಕ್ಕೆ ಸುಮಾರು ಹತ್ತು ಸಾವಿರ ಮಾನಸಿಕ ಆಸ್ಪತ್ರೆ ಹಾಸಿಗೆಗಳಿದ್ದವು, ನಲವತ್ತು ಸಾವಿರ ಜನರಿಗೆ ಒಂದರಂತೆ. ಆ ವರದಿಯ ಸಲಹೆಯಂತೆ ಮನೋವೈದ್ಯರನ್ನು, ಮನಶ್ಶಾಸ್ತ್ರಜ್ಞರನ್ನು ತಯಾರು ಮಾಡಲು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಎಲ್ಲಿ? ಗುರುದತ್ ಹುಟ್ಟಿದ ಊರಲ್ಲೇ, 1954ರಲ್ಲಿ, ಡಾ. ಎಂ.ವಿ. ಗೋವಿಂದಸ್ವಾಮಿ ಅವರ ನೇತೃತ್ವದಲ್ಲಿ. 1974ರಲ್ಲಿ ನಿಮ್ಹಾನ್ಸ್ ಆದದ್ದು ಅದೇ. ‘ಆರ್ ಪಾರ್’ ಬಂದ ವರ್ಷವೂ 1954. ಮುಂಬೈಯಲ್ಲಿ ಅವರಿಗೆ ನಿದ್ದೆ ಬಾರದ ರಾತ್ರಿಗಳು ನಡೆಯುತ್ತಿದ್ದಾಗ, ಬೆಂಗಳೂರಿನಲ್ಲಿ ದೇಶದ ಮೊದಲ ಕೆಲವು ತಂಡಗಳು ಇದನ್ನೇ ಪಾಠವಾಗಿ ಓದುತ್ತಿದ್ದವು.

ಎರಡನೇ ಸಲ ಅವರು ಜೀವ ಕಳೆದುಕೊಳ್ಳಲು ಹೊರಟಾಗ ಸ್ಥಿತಿ ಗಂಭೀರವಾಗಿತ್ತು, ಪ್ರಜ್ಞೆ ಬರಲು ದಿನಗಳೇ ಬೇಕಾದವು. ಆಮೇಲೆ ಮನೆಯವರು ಒಬ್ಬ ಮನೋವೈದ್ಯರನ್ನು ಸಂಪರ್ಕಿಸಿದರು. ಒಂದು ಸಲ. ಮತ್ತೆ ಕರೆಸಲಿಲ್ಲ. ಮುಂದೆ ವರ್ಷಗಳಾದ ಮೇಲೆ ಮನೆಯವರೇ ಇದನ್ನು ನೋವಿನಿಂದ ನೆನಪಿಸಿಕೊಂಡಿದ್ದಾರೆ. ನನ್ನ ಪ್ರಕಾರ ಗುರುದತ್ ಬದುಕಿನ ತಿರುವು ಅದು. ವಹೀದಾ ರೆಹಮಾನ್ ವಿಷಯವಾಗಲಿ, ‘ಕಾಗಜ್ ಕೇ ಫೂಲ್’ ಸೋಲಾಗಲಿ ಅಲ್ಲ. ಮನೋವೈದ್ಯರ ಮೊದಲ ಭೇಟಿಯಲ್ಲಿ ಏನೂ ಗುಣವಾಗುವುದಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲೇ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮಾತ್ರ ಗೊತ್ತಾಗುತ್ತದೆ, ಉಪಯೋಗ ಕಾಣುವುದಿಲ್ಲ. ಬಿಪಿ ಮಾತ್ರೆಯನ್ನು ವರ್ಷಗಟ್ಟಲೆ ತಪ್ಪದೆ ನುಂಗುವ ಮನೆಯಲ್ಲೇ ಇದನ್ನು ಹತ್ತು ದಿನಕ್ಕೆ ನಿಲ್ಲಿಸುತ್ತಾರೆ. ನಮ್ಮ ಅಂಗಡಿಗೆ ಬರುವ ಚೀಟಿಗಳಲ್ಲಿ ಇದನ್ನು ನೋಡುತ್ತಿರುತ್ತೇನೆ. ಮೂರು ತಿಂಗಳಿಗೆ ಬರೆದ ಚೀಟಿಯಲ್ಲಿ ಒಂದು ಪಟ್ಟಿ ಮಾತ್ರ ಹರಿದುಕೊಂಡು ಹೋಗಿರುತ್ತಾರೆ, ಎರಡನೆಯದಕ್ಕೆ ಬರುವುದೇ ಇಲ್ಲ.

ಬ್ಯಾಡರಹಳ್ಳಿ ಎಂಥ ಜಾಗ ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಹೇರೋಹಳ್ಳಿ ದಾಟಿದರೆ ಸಿಗುತ್ತದೆ. ಪೀಣ್ಯದ ಕಾರ್ಖಾನೆಗೆ ಹೋಗುವವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ರಾತ್ರಿಪಾಳಿಯ ಕ್ಯಾಬ್ ಓಡಿಸುವವರು, ಊರಿಂದ ಬಂದು ರೂಮ್ ಮಾಡಿಕೊಂಡು ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದುವವರು. ನಿದ್ದೆ ಕೆಟ್ಟವರೇ ಎಲ್ಲರೂ. ರಾತ್ರಿ ಒಂಬತ್ತರ ಮೇಲೆ ನನ್ನದೇ ವಯಸ್ಸಿನವರು ಬಂದು, ಮೊಬೈಲಿನಲ್ಲಿ ಹಳೆಯ ಚೀಟಿಯ ಫೋಟೊ ತೋರಿಸಿ, ‘ಅಣ್ಣ, ಎರಡೇ ಎರಡು ಕೊಡಿ’ ಎನ್ನುತ್ತಾರೆ. ಚೀಟಿ ಅತ್ತೆಯದ್ದೋ, ಪಕ್ಕದ ಮನೆಯವರದ್ದೋ ಆಗಿರುತ್ತದೆ. ಆಲ್ಪ್ರಜೋಲಮ್, ಡಯಾಜೆಪಮ್, ಜೋಲ್ಪಿಡೆಮ್ ಇವೆಲ್ಲ ಶೆಡ್ಯೂಲ್ ಎಚ್‌1 ಪಟ್ಟಿಯಲ್ಲಿವೆ. 2014ರಿಂದ ಇವುಗಳಿಗೆ ಬೇರೆ ರಿಜಿಸ್ಟರ್ ಇದೆ. ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಂಬುದನ್ನು ಬರೆದು ಮೂರು ವರ್ಷ ಇಡಬೇಕು. ಕೊಡುವುದಿಲ್ಲ ಎಂದರೆ ಕೆಲವರು ಬೈಯುತ್ತಾರೆ, ಕೆಲವರು ಮುಂದಿನ ಅಂಗಡಿಗೆ ಹೋಗುತ್ತಾರೆ. ಒಬ್ಬ ಮಾತ್ರ ಅಲ್ಲೇ ನಿಂತ. ಎರಡು ವರ್ಷದಿಂದ ಪರೀಕ್ಷೆಗೆ ಓದುತ್ತಿದ್ದಾನೆ, ಪುಸ್ತಕ ತೆರೆದರೆ ಅಕ್ಷರ ಹತ್ತುವುದಿಲ್ಲ, ಬಿಯರ್ ಕುಡಿದರೂ ಮೂರು ಗಂಟೆಗೆ ಎಚ್ಚರವಾಗುತ್ತದೆ, ಊರಿಗೆ ಫೋನ್ ಮಾಡಲು ಮುಖವಿಲ್ಲ ಎಂದ. ಅವನಿಗೆ 14416 ನಂಬರ್ ಬರೆದುಕೊಟ್ಟೆ.

ಅದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದೇಶಕ್ಕೆಲ್ಲ ಇದನ್ನು ನಡೆಸುವ ಮುಖ್ಯ ಕೇಂದ್ರ ನಿಮ್ಹಾನ್ಸೇ. ಬ್ಯಾಡರಹಳ್ಳಿಯಿಂದ ಮಾಗಡಿ ರಸ್ತೆಯ ಬಸ್ ಹಿಡಿದು ಮಾರ್ಕೆಟ್‌ಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ ಹತ್ತಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೇ ಹೋಗಬಹುದು. ಕುಡಿತ ಮತ್ತು ಮಾದಕ ವಸ್ತುಗಳ ಚಟಕ್ಕೆ ಅಲ್ಲಿ ಬೇರೆಯದೇ ವಿಭಾಗವಿದೆ. ಹುಚ್ಚಾಸ್ಪತ್ರೆ ಎಂದು ನಗುವವರು ನಗಲಿ. ಮಾನಸಿಕ ಕಾಯಿಲೆಯ ಮಾತ್ರೆ ತಿಂದರೆ ಅದಕ್ಕೇ ಅಂಟಿಕೊಳ್ಳುತ್ತೇವೆ ಎಂಬ ಭಯವೂ ಬಹಳ ಜನರಿಗಿದೆ. ಖಿನ್ನತೆಗೆ ಕೊಡುವ ಮಾತ್ರೆ ಬೇರೆ, ನಿದ್ದೆ ಮಾತ್ರೆ ಬೇರೆ. ಮೊದಲನೆಯದರಿಂದ ಅಮಲು ಬರುವುದಿಲ್ಲ, ದಿನದಿಂದ ದಿನಕ್ಕೆ ಹೆಚ್ಚು ಬೇಕು ಎನಿಸುವುದೂ ಇಲ್ಲ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಕೆಲವರಿಗೆ ತಲೆ ಸುತ್ತು, ಕಿರಿಕಿರಿ ಆಗುತ್ತದೆ, ಆದ್ದರಿಂದ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು ಅಷ್ಟೆ. ಅಂಟಿಕೊಳ್ಳುವ ಅಪಾಯ ಇರುವುದು ಎರಡನೆಯದಕ್ಕೆ. ವಿಚಿತ್ರ ನೋಡಿ, ಜನ ಹೆದರುವುದು ಮೊದಲನೆಯದಕ್ಕೆ, ಚೀಟಿ ಇಲ್ಲದೆ ಕೇಳುವುದು ಎರಡನೆಯದನ್ನು.

ಮತ್ತೆ ಗುರುದತ್ ಕಡೆಗೆ. 1962ರಲ್ಲಿ ಅವರು ನಿರ್ಮಿಸಿ ನಟಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ ಬಂತು. ಬಿಮಲ್ ಮಿತ್ರರ ಕಾದಂಬರಿ. ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲು ಅವನ ಜೊತೆ ಕುಡಿಯಲು ಶುರುಮಾಡಿ, ಕೊನೆಗೆ ಕುಡಿತದಲ್ಲೇ ಮುಳುಗುವ ಜಮೀನ್ದಾರರ ಮನೆಯ ಕಿರಿಯ ಸೊಸೆಯ ಪಾತ್ರ ಮೀನಾಕುಮಾರಿಯದು. ಆ ಪಾತ್ರಕ್ಕೆ ಹಾಡಿದವರು ಗೀತಾ ದತ್. ಕುಡಿತ ಎಂಬುದು ಕೆಟ್ಟವರ ಚಟವಲ್ಲ, ಒಳ್ಳೆಯವರನ್ನೂ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಸುವ ಕಾಯಿಲೆ ಎಂದು ಅಷ್ಟು ಚೆನ್ನಾಗಿ ತೋರಿಸಿದ ಭಾರತೀಯ ಚಿತ್ರವನ್ನು ನಾನಂತೂ ಬೇರೆ ನೋಡಿಲ್ಲ. ಫಿಲ್ಮ್‌ಫೇರ್ ಪ್ರಶಸ್ತಿ ಬಂತು, ಬರ್ಲಿನ್ ಚಿತ್ರೋತ್ಸವಕ್ಕೂ ಹೋಯಿತು. ಅದನ್ನು ಮಾಡಿದ ಮೂವರಲ್ಲಿ ಯಾರಿಗೂ ಆ ಕತೆ ತಮ್ಮದಾಗುವುದನ್ನು ತಪ್ಪಿಸಲಾಗಲಿಲ್ಲ. ಕಾಯಿಲೆಯನ್ನು ಅರ್ಥ ಮಾಡಿಕೊಂಡರೆ ಸಾಕು, ಗುಣವಾಗುತ್ತದೆ ಎನ್ನುವವರಿಗೆ ಇದನ್ನು ಹೇಳಬೇಕು ಅನಿಸುತ್ತದೆ.

ಕೊನೆಯ ದಿನಗಳಲ್ಲಿ ಅವರು ಹೆಂಡತಿ ಮಕ್ಕಳಿಂದ ದೂರವಾಗಿ ಮುಂಬೈನ ಪೆಡ್ಡರ್ ರಸ್ತೆಯ ಫ್ಲ್ಯಾಟ್‌ನಲ್ಲಿ ಒಬ್ಬರೇ ಇದ್ದರು. ಕೆಲಸ ನಿಂತಿರಲಿಲ್ಲ. ‘ಬಹಾರೇ ಫಿರ್ ಭೀ ಆಯೇಂಗಿ’ ಚಿತ್ರೀಕರಣ ನಡೆಯುತ್ತಿತ್ತು, ಹಿಂದಿನ ರಾತ್ರಿಯೂ ಗೆಳೆಯ ಅಬ್ರಾರ್ ಅಲ್ವಿ ಜೊತೆ ಅದರ ದೃಶ್ಯದ ಬಗ್ಗೆ ಮಾತಾಗಿತ್ತು. 1964ರ ಅಕ್ಟೋಬರ್ 10ರ ಬೆಳಗ್ಗೆ ಅವರು ಏಳಲಿಲ್ಲ. ಮದ್ಯ, ನಿದ್ದೆ ಮಾತ್ರೆ ಎರಡೂ ಇದ್ದವು. ವಯಸ್ಸು 39. ಬೇಕೆಂದೇ ಮಾಡಿಕೊಂಡದ್ದೋ, ನಿದ್ದೆಗೆಂದು ಹೋಗಿ ಲೆಕ್ಕ ತಪ್ಪಿದ್ದೋ ಎಂದು ಮನೆಯವರೂ ಗೆಳೆಯರೂ ಇಂದಿಗೂ ಬೇರೆ ಬೇರೆ ಹೇಳುತ್ತಾರೆ. ಔಷಧಿ ಓದಿದವನಾಗಿ ನನಗೆ ಈ ವಾದ ಬಹಳ ದೊಡ್ಡದಾಗಿ ಕಾಣುವುದಿಲ್ಲ. ಆ ಎರಡು ಸೇರಿದ ಮೇಲೆ, ಅದೂ ವರ್ಷಗಟ್ಟಲೆ ಸೇರಿದ ಮೇಲೆ, ಉದ್ದೇಶಕ್ಕೂ ಆಕಸ್ಮಿಕಕ್ಕೂ ನಡುವಿನ ಗೆರೆ ಅಳಿಸಿಹೋಗಿರುತ್ತದೆ. 1992ರಿಂದ ಜಗತ್ತು ಅಕ್ಟೋಬರ್ 10ನ್ನು ವಿಶ್ವ ಮಾನಸಿಕ ಆರೋಗ್ಯ ದಿನವೆಂದು ಆಚರಿಸುತ್ತದೆ. ಟೆಲಿ ಮಾನಸ್ ಶುರುವಾದದ್ದೂ 2022ರ ಅದೇ ದಿನ. ಗುರುದತ್‌ಗೂ ಇದಕ್ಕೂ ಸಂಬಂಧವಿಲ್ಲ, ಬರೀ ಕಾಕತಾಳೀಯ.

ಅವರು ಅರ್ಧಕ್ಕೆ ಬಿಟ್ಟ ಚಿತ್ರದಲ್ಲಿ ಧರ್ಮೇಂದ್ರ ಅವರನ್ನು ಹಾಕಿಕೊಂಡು ಮತ್ತೆ ಚಿತ್ರೀಕರಿಸಿ 1966ರಲ್ಲಿ ಬಿಡುಗಡೆ ಮಾಡಿದರು. ಕೆ. ಆಸಿಫ್ ಅವರ ‘ಲವ್ ಅಂಡ್ ಗಾಡ್’ನಲ್ಲೂ ನಾಯಕ ಗುರುದತ್ತೇ ಆಗಿದ್ದರು. ಅದು ಸಂಜೀವ್ ಕುಮಾರ್ ಜೊತೆ ಮತ್ತೆ ಶುರುವಾಗಿ ತೆರೆಗೆ ಬರುವಷ್ಟರಲ್ಲಿ 1986 ಆಗಿತ್ತು. ಗೀತಾ ಕುಡಿತಕ್ಕೆ ಬಿದ್ದರು. ಸಾಲ, ಮಕ್ಕಳು, ಕಡಿಮೆಯಾದ ಹಾಡುಗಳು. 1971ರಲ್ಲಿ ‘ಅನುಭವ್’ ಚಿತ್ರಕ್ಕೆ ಹಾಡಿದ್ದನ್ನು ಕೇಳಿದರೆ ಆಗಲೇ ಅಷ್ಟು ಕಾಯಿಲೆಯಿತ್ತೆಂದು ನಂಬಲಾಗುವುದಿಲ್ಲ. ಮೀನಾಕುಮಾರಿಯವರಿಗೂ ನಿದ್ದೆ ಬರುತ್ತಿರಲಿಲ್ಲ. ವೈದ್ಯರೊಬ್ಬರು ನಿದ್ದೆಗೆಂದು ಹೇಳಿದ ಒಂದು ಪೆಗ್ ಬ್ರಾಂದಿಯಿಂದ ಅವರ ಕುಡಿತ ಶುರುವಾಯಿತು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. 1972ರ ಮಾರ್ಚ್ 31ರಂದು ಮೀನಾಕುಮಾರಿ, ಅದೇ ವರ್ಷ ಜುಲೈ 20ರಂದು 41ರ ವಯಸ್ಸಿನ ಗೀತಾ, ಇಬ್ಬರೂ ಲಿವರ್ ಕೆಟ್ಟು ತೀರಿಕೊಂಡರು.

ಹದಿನಾರರ ವಯಸ್ಸಿನಲ್ಲಿ ಗುರುದತ್‌ನನ್ನು ಹೆತ್ತ ವಾಸಂತಿ ಪಡುಕೋಣೆ ಇದೆಲ್ಲವನ್ನೂ ನೋಡುತ್ತಾ ಬದುಕಿದ್ದರು. ಮಗನ ಬಗ್ಗೆ ಆಕೆ ಒಂದು ಪುಸ್ತಕ ಬರೆದರು, ‘ನನ್ನ ಮಗ ಗುರುದತ್ತ’. ಮಗ ಬದುಕಿದ್ದು, ಸಿನಿಮಾ ಮಾಡಿದ್ದು, ಸತ್ತದ್ದು ಎಲ್ಲ ಹಿಂದಿ ಚಿತ್ರರಂಗದಲ್ಲಿ. ತಾಯಿ ಆ ಪುಸ್ತಕ ಬರೆದದ್ದು ಕನ್ನಡದಲ್ಲಿ.